ಆಣೆ ಇಟ್ಟು ಹೇಳಿದ ಸುಳ್ಳು

ರಜೆಯಲ್ಲಿ ಮಗ ಲೈಬ್ರರಿಯಿಂದ ಒಂದು ಕಾದಂಬರಿ ತಂದ. ಜರ್ಮನಿಯ ಎರಿಕ್ ಮರಿಯಾ ರೆಮಾರ್ಕ್ ಬರೆದ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’. ಪುಸ್ತಕವಾಗಿ ಬಂದದ್ದು 1929ರಲ್ಲಿ. ಇವನು ಎರಡನೇ ಪಿಯುಸಿ ಹುಡುಗ, ಎನ್‌ಡಿಎ ಸೇರುವ ಹಂಬಲದವನು. ಯುದ್ಧದ ಕಥೆ ಎಂದು ಹುರುಪಿನಿಂದ ಹಿಡಿದ. ಮೂರು ದಿನಕ್ಕೆ ಮುಗಿಸಿ ಮೇಜಿನ ಮೇಲಿಟ್ಟ. ಹೇಗಿತ್ತೋ ಎಂದರೆ, “ನೀನೇ ಓದಮ್ಮ” ಎಂದ.

ಓದಿದೆ. ಆಮೇಲೆ ನಮ್ಮವರೂ ಓದಿದರು. ಅಲ್ಲಿಂದ ಊಟಕ್ಕೆ ಕೂತರೆ ಅದೇ ಮಾತು.

ಮೊದಲ ಮಹಾಯುದ್ಧದ ಕಾಲ. ಮೇಷ್ಟರ ದೇಶಭಕ್ತಿಯ ಭಾಷಣಕ್ಕೆ ತರಗತಿಗೆ ತರಗತಿಯೇ ಸೈನ್ಯ ಸೇರುತ್ತದೆ. ಅವರಲ್ಲಿ ಪಾಲ್ ಒಬ್ಬ, ಕೆಮರಿಖ್ ಇನ್ನೊಬ್ಬ. ಆಸ್ಪತ್ರೆಯಲ್ಲಿ ಮಲಗಿದ ಕೆಮರಿಖ್ ಕಾಲು ನೋಯುತ್ತಿದೆ ಎನ್ನುತ್ತಾನೆ. ಆ ಕಾಲನ್ನು ಕತ್ತರಿಸಿಯಾಗಿದೆ, ಅವನಿಗೆ ಗೊತ್ತಿಲ್ಲ ಅಷ್ಟೇ. ನೋಡಲು ಬಂದ ಗೆಳೆಯ ಮ್ಯುಲರನ ಕಣ್ಣೆಲ್ಲ ಅವನ ಒಳ್ಳೆಯ ಬೂಟುಗಳ ಮೇಲೆ.

“ಎಂಥ ಕಟುಕ!” ಎಂದೆ. ಮಗ ಒಪ್ಪಲಿಲ್ಲ. “ಸಾಯುವವನಿಗೆ ಬೂಟು ಯಾಕಮ್ಮ? ಬದುಕಿರುವವನು ನಾಳೆ ಕೆಸರಲ್ಲಿ ನಿಲ್ಲಬೇಕಲ್ಲ.” ಹದಿನೇಳರ ಹುಡುಗನ ಬಾಯಲ್ಲಿ ಈ ಲೆಕ್ಕ ಕೇಳಿ, ಪುಸ್ತಕ ಓದುವಾಗ ಆದದ್ದಕ್ಕಿಂತ ಹೆಚ್ಚು ಕಸಿವಿಸಿಯಾಯಿತು.

ನಮ್ಮವರದು ಬೇರೆ ತಕರಾರು. ಸೈನಿಕರ ಧೈರ್ಯಕ್ಕೆ ಲೇಖಕ ಮರ್ಯಾದೆ ಕೊಟ್ಟಿಲ್ಲವಂತೆ. ಇದು ಹಳೆಯ ವಾದವೇ. ಆಗಲೂ ಜರ್ಮನಿಯ ಮಾಜಿ ಸೈನಿಕರಲ್ಲಿ ‘ನಾವು ಕಂಡದ್ದು ಇದೇ’ ಎಂದವರಿದ್ದರು, ಸೈನ್ಯಕ್ಕೆ ಅವಮಾನ ಎಂದವರೂ ಇದ್ದರು. 1930ರ ಡಿಸೆಂಬರ್‌ನಲ್ಲಿ ಇದರ ಸಿನಿಮಾ ಬರ್ಲಿನ್‌ಗೆ ಬಂದಾಗ ನಾಜಿಗಳು ಚಿತ್ರಮಂದಿರದೊಳಗೆ ಇಲಿ ಬಿಟ್ಟು ಗಲಾಟೆ ಮಾಡಿದರು. 1933ರಲ್ಲಿ ಪುಸ್ತಕವನ್ನೇ ಸುಟ್ಟರು. ರೆಮಾರ್ಕ್ ಮಾತ್ರ ಕೇಳಿ ಬರೆದವನಲ್ಲ. 1917ರಲ್ಲಿ ಫ್ಲಾಂಡರ್ಸ್‌ನಲ್ಲಿ ಷೆಲ್ಲಿನ ಚೂರು ತಗುಲಿ ಆಸ್ಪತ್ರೆ ಸೇರಿದ್ದವನು. “ನೀವು ಸುಟ್ಟವರ ಕಡೆಯಾ ಅಪ್ಪಾ?” ಎಂದು ಮಗ ಕೆಣಕಿದ. ಇವರು ಸಾರು ಬಡಿಸು ಎಂದರು.

ನಿಜವಾದ ಜಗಳವಾದದ್ದು, ರಜೆಗೆ ಬಂದ ಪಾಲ್ ಕೆಮರಿಖನ ತಾಯಿಯನ್ನು ಕಾಣುವ ಪ್ರಸಂಗಕ್ಕೆ. ನಿಮ್ಮ ಮಗ ನರಳಲಿಲ್ಲ, ತಕ್ಷಣ ಪ್ರಾಣ ಹೋಯಿತು ಎನ್ನುತ್ತಾನೆ. ಆಕೆ ನಂಬುವುದಿಲ್ಲ. ಸುಳ್ಳಾದರೆ ನೀನೂ ಹಿಂದಿರುಗುವುದಿಲ್ಲವೆಂದು ಆಣೆ ಇಡು ಎನ್ನುತ್ತಾಳೆ. ಇಡುತ್ತಾನೆ. ಅವನೂ ಹಿಂದಿರುಗುವುದಿಲ್ಲ. (2022ರ ಜರ್ಮನ್ ಸಿನಿಮಾದಲ್ಲಿ ಊರಿಗೆ ಬರುವ ಭಾಗವೇ ಇಲ್ಲ. ನಾಲ್ಕು ಆಸ್ಕರ್ ಬಂದಿರಬಹುದು, ನನಗೆ ಅದು ಅರ್ಧ ಕಥೆ.)

ಹೇಳಿದ್ದು ಸರಿ ಎಂದರು ಇವರು. ಹೆತ್ತವಳಿಗೆ ನಿಜ ತಿಳಿಯುವ ಹಕ್ಕಿಲ್ಲವೇ ಎಂದು ನಾನು ದನಿ ಏರಿಸಿದೆ. ಮೂಲೆಯಲ್ಲಿ ಅವರೆ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿದರು.

“65ರಲ್ಲಿ ನಮ್ಮಣ್ಣ ಹೋದಾಗಲೂ ಅವನ ಜೊತೆಯವನೊಬ್ಬ ಮನೆಗೆ ಬಂದು ಹೀಗೇ ಹೇಳಿದ. ನೋವೇ ಆಗಲಿಲ್ಲ ಅಂತ. ಹೇಳುವಾಗ ಅವನ ಕೈ ನಡುಗುತ್ತಿತ್ತು. ಅಮ್ಮ ಏನೂ ಕೇಳಲಿಲ್ಲ. ಕಾಫಿ ಕೊಟ್ಟಳು. ಅವಳಿಗೆ ಗೊತ್ತಾಗಿತ್ತು ಕಣೇ.”

ಮದುವೆಯಾಗಿ ಇಷ್ಟು ವರ್ಷವಾದರೂ ಅತ್ತೆಯ ಬಾಯಿಂದ ಈ ಸಂಗತಿ ಕೇಳಿದ್ದು ಅದೇ ಮೊದಲು. ಇವರಿಗೂ ಗೊತ್ತಿರಲಿಲ್ಲ. ಮಗ ಎದ್ದುಹೋಗಿ ಅಜ್ಜಿಯ ಪಕ್ಕ ಕೂತು ಅವರೆ ಸುಲಿಯತೊಡಗಿದ.

ಎನ್‌ಡಿಎಗೆ ಅವನು ಅರ್ಜಿ ಹಾಕಿದ್ದಾನೆ. ನಾನು ಬೇಡ ಎನ್ನಲಿಲ್ಲ. ಪುಸ್ತಕ ಹಿಂದಿರುಗಿಸುವ ದಿನ ಮೀರಿ ದಂಡ ಬೀಳುತ್ತಿದೆ. ಆ ತಾಯಿಯ ಭಾಗವನ್ನು ಕನ್ನಡ ಮಾಡಿ ಇನ್ನೊಮ್ಮೆ ಓದಿ ಹೇಳು ಎಂದು ಅತ್ತೆ ಕೇಳಿದ್ದಾರೆ.