ನೇತ್ರಾಣಿಯ ನೀರಿಗಿಳಿಯುವ ಮುನ್ನ

ಹಿಂದಿನ ತಲೆಮಾರಿನ ಮಧುಚಂದ್ರವೆಲ್ಲ ಎತ್ತರದ ಕಡೆಗೇ ಮುಖ ಮಾಡಿತ್ತು. ಉದಕಮಂಡಲ, ಕೊಡೈಕಾನಲ್, ಕೈಯಲ್ಲಿ ಸ್ವಲ್ಪ ಹಣ ಓಡಾಡುತ್ತಿದ್ದವರಿಗೆ ಕಾಶ್ಮೀರ. ಈಗಿನ ದಂಪತಿಗಳ ದೃಷ್ಟಿ ಆಳದ ಕಡೆಗೆ ಹೊರಳಿದೆ. 1948ರಲ್ಲಿ ರಾಜಾಜಿಯವರು ಅಸ್ತಿಭಾರವಿಟ್ಟ ಜಯನಗರದಲ್ಲಿ, ಸಮುದ್ರದಿಂದ ಸುಮಾರು 900 ಮೀಟರು ಎತ್ತರದಲ್ಲಿ ಹುಟ್ಟಿ ಬೆಳೆದು, ಲಾಲ್‌ಬಾಗಿನ ಕೆರೆಗಿಂತ ದೊಡ್ಡ ನೀರನ್ನು ರಜೆಯ ದಿನಗಳಲ್ಲಿ ಮಾತ್ರ ಕಂಡ ತರುಣ ತರುಣಿಯರು, ಆರತಕ್ಷತೆಯ ಹೂವು ಬಾಡುವ ಮೊದಲೇ ಸಮುದ್ರದ ತಳವನ್ನು ನೋಡಿ ಬರಲು ಹೊರಡುತ್ತಾರೆ.

ಈ ಹೊಸ ಹವ್ಯಾಸಕ್ಕೆ ಸ್ಕೂಬಾ ಎಂದು ಹೆಸರು. ಒತ್ತಿ ತುಂಬಿದ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು, ಅದರ ಕೊಳವೆಯನ್ನು ಬಾಯಲ್ಲಿ ಕಚ್ಚಿ ಉಸಿರಾಡುತ್ತ ನೀರಿನೊಳಗೆ ಸಂಚರಿಸುವುದು ಇದರ ಕ್ರಮ. 1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾಗ್ನಾನ್ ಎಂಬ ಇಬ್ಬರು ಈ ಉಪಕರಣವನ್ನು ಬಳಕೆಗೆ ಬರುವಂತೆ ರೂಪಿಸಿದರು. ಕನ್ನಡಿಗರ ಮಟ್ಟಿಗೆ ಹೇಳುವುದಾದರೆ, 1987ರ ‘ಒಂದು ಮುತ್ತಿನ ಕಥೆ’ಯಲ್ಲಿ ರಾಜಕುಮಾರ್ ಅವರು ಮುತ್ತಿಗಾಗಿ ಮುಳುಗುವುದನ್ನು ತಂದೆತಾಯಿಗಳು ನೋಡಿದ್ದರು, 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ಅವರು ನೇತ್ರಾಣಿಯ ನೀರಿಗಿಳಿಯುವುದನ್ನು ಮಕ್ಕಳು ನೋಡಿದರು. ಆಸೆ ಮೊಳೆಯಲು ಇಷ್ಟು ಸಾಕು.

ಬನಶಂಕರಿ ಎರಡನೆಯ ಹಂತದ ವರ ಮತ್ತು ಜಯನಗರ 4ನೆಯ ಬ್ಲಾಕಿನ ವಧು, ಕಾರ್ತಿಕ ಮಾಸದಲ್ಲಿ ಮದುವೆಯಾದ ಒಂದು ಜೋಡಿ, ಮೊದಲು ಯೋಚಿಸಿದ್ದು ಅಂಡಮಾನನ್ನು. ಹ್ಯಾವ್‌ಲಾಕ್ ಎಂದು ಹೆಸರಿದ್ದು 2018ರಿಂದ ಸ್ವರಾಜ್ ದ್ವೀಪವಾದ ಸ್ಥಳದಲ್ಲಿ ಇಂತಹ ಸಂಸ್ಥೆಗಳು ಅನೇಕ ಇವೆ. ಆದರೆ ವರನಿಗೆ ದೊರೆತ ರಜೆ ನಾಲ್ಕೇ ದಿನ. ವಿಮಾನದ ಲೆಕ್ಕಾಚಾರದಲ್ಲಿ ಇನ್ನೊಂದು ತೊಡಕೂ ಇತ್ತು. ನೀರಿನ ಒತ್ತಡದಲ್ಲಿ ಉಸಿರಾಡಿದವನ ರಕ್ತದಲ್ಲಿ ಸಾರಜನಕ ಹೆಚ್ಚಾಗಿ ಕರಗಿರುತ್ತದೆ. ಅದು ನಿಧಾನವಾಗಿ ಹೊರಬೀಳುವ ಮುನ್ನ ಎತ್ತರಕ್ಕೇರಿದರೆ ಗುಳ್ಳೆಗಟ್ಟಿ ಕೀಲು, ನರಗಳನ್ನು ಬಾಧಿಸಬಹುದು. ಆದ್ದರಿಂದ ಒಂದು ಮುಳುಗಿಗೆ ಕಡೆಯ ಪಕ್ಷ 12 ಗಂಟೆ, ಹಲವು ಮುಳುಗುಗಳಿಗೆ 18 ಗಂಟೆ ಕಳೆಯದೆ ವಿಮಾನ ಹತ್ತಬಾರದೆಂದು ತಿಳಿದವರ ಸಲಹೆ. ನಾಲ್ಕು ದಿನಗಳಲ್ಲಿ ಒಂದನ್ನು ಹೀಗೆ ಒಣದಿನವಾಗಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ನೇತ್ರಾಣಿಯೇ ನಿಶ್ಚಯವಾಯಿತು.

ನೇತ್ರಾಣಿ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿಗೆ ಸೇರಿದ ಪುಟ್ಟ ದ್ವೀಪ. ಮುರುಡೇಶ್ವರದ ಕರೆಯಿಂದ ಸುಮಾರು 19 ಕಿಲೋಮೀಟರು. ಆಕಾಶದಿಂದ ನೋಡಿದರೆ ಅದು ಹೃದಯದ ಆಕಾರದಲ್ಲಿದೆ ಎಂಬುದು ಪ್ರವಾಸದ ಜಾಹೀರಾತುಗಳಿಗೆ ದೊರೆತ ವರಪ್ರಸಾದ. ಅಲ್ಲಿ ಜನವಸತಿಯಿಲ್ಲ. ಕಡಿದಾದ ಬಂಡೆ, ಮೇಲೆ ದಟ್ಟ ಹಸುರು, ಪಾರಿವಾಳಗಳು, ಕಡಲ ಹದ್ದುಗಳು. ಬೆಸ್ತರು ಜಟ್ಟಿಗನಿಗೆ ಹರಕೆ ಹೊತ್ತು ತಂದುಬಿಟ್ಟ ಆಡುಗಳ ಸಂತತಿಯೂ ಅಲ್ಲುಂಟು. ಭಾರತೀಯ ನೌಕಾಪಡೆ ಗುರಿಯ ಅಭ್ಯಾಸಕ್ಕೆ ಈ ಬಂಡೆಯನ್ನೇ ಬಳಸಿದೆ ಎಂಬುದನ್ನು ಮಾತ್ರ ಜಾಹೀರಾತುಗಳು ಹೇಳುವುದಿಲ್ಲ. ಪ್ರವಾಸಿಗಳು ದ್ವೀಪದ ಮೇಲೆ ಕಾಲಿಡುವಂತಿಲ್ಲ. ದೋಣಿಯಿಂದ ನೇರವಾಗಿ ನೀರಿಗೆ, ನೀರಿನಿಂದ ಮರಳಿ ದೋಣಿಗೆ.

ಇನ್ನು ಕಾಲ. ಮಳೆಗಾಲದಲ್ಲಿ ಆ ಕಡಲು ಯಾರ ಮಾತನ್ನೂ ಕೇಳುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಮೀನುಗಾರಿಕೆ ದೋಣಿಗಳಿಗೇ ನಿಷೇಧವಿರುತ್ತದೆ. ಆಷಾಢದಲ್ಲಿ ಹೊಸ ಸೊಸೆಯನ್ನು ತೌರಿಗೆ ಕಳುಹಿಸುವ ಮನೆಗಳಲ್ಲಿ ಈ ವಿಷಯವಾಗಿ ವಿವಾದಕ್ಕೆ ಆಸ್ಪದವೇ ಇಲ್ಲ. ಪಂಚಾಂಗವೂ ಸಮುದ್ರವೂ ಅಪರೂಪಕ್ಕೆ ಒಮ್ಮತಕ್ಕೆ ಬಂದಿವೆ. ಮಳೆ ಹಿಂಜರಿದು ನೀರು ತಿಳಿಯಾದ ಮೇಲೆ, ನವೆಂಬರಿನಿಂದಾಚೆಗೆ ಬೇಸಗೆಯವರೆಗೂ ಮುಳುಗುವವರಿಗೆ ಸುಗ್ಗಿ.

ಕಾಲ ಕೂಡಿಬಂದಿತು, ಸ್ಥಳ ಗೊತ್ತಾಯಿತು. ಉಳಿದದ್ದು, ಯಾರ ಕೈ ಹಿಡಿದು ನೀರಿಗಿಳಿಯಬೇಕೆಂಬ ಪ್ರಶ್ನೆ. ಈ ಜೋಡಿಯ ಸ್ಥಿತಿಯಲ್ಲಿ ಒಂದು ವಿಚಿತ್ರವಿತ್ತು. ವರನಿಗೆ ಈಜು ಬಾರದು. ವಧು ಶಾಲೆಯ ದಿನಗಳಿಂದ ಈಜುಗಾತಿ. ಆದರೆ ಬೆಂಗಳೂರಿನ ಅನೇಕ ಮಕ್ಕಳಂತೆ ಆಕೆಗೂ ಎಳವೆಯಿಂದ ಉಬ್ಬಸ. ಹೂವಿನ ಪರಾಗವೋ, ಖಾಲಿ ನಿವೇಶನಗಳ ಕಾಂಗ್ರೆಸ್ ಗಿಡವೋ, ರಸ್ತೆಯ ಧೂಳೋ, ಚಳಿ ಬಿದ್ದೊಡನೆ ಚೀಲದಲ್ಲಿ ಉಸಿರಿನ ಔಷಧದ ಪಂಪು ಇರಲೇಬೇಕು.

ಮೊದಲು ವಿಚಾರಿಸಿದ್ದು ಹತ್ತಿರದ ಒಬ್ಬ ಪ್ರವಾಸದ ಏಜೆಂಟರನ್ನು. ಬಸ್ಸು, ಕೋಣೆ, ಉಪಾಹಾರ, ಸ್ಕೂಬಾ, ನೀರಿನೊಳಗಿನ ಛಾಯಾಚಿತ್ರ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಅವರು ಬೆಲೆ ಹೇಳಿದರು. ಮುಳುಗಿಸುವವರು ಯಾವ ಸಂಸ್ಥೆಯವರೆಂದು ಕೇಳಿದ್ದಕ್ಕೆ, “ಅಲ್ಲಿ ಹೋದ ಮೇಲೆ ನಮ್ಮ ಹುಡುಗ ಬಂದು ಕರೆದುಕೊಂಡು ಹೋಗುತ್ತಾನೆ” ಎಂದರು. ಮೂರು ಗಂಟೆಗಳ ಸ್ಕೂಬಾ ಎಂಬ ಅವರ ಮಾತಿನಲ್ಲಿ ಹೋಗಿಬರುವ ದೋಣಿಯ ಪಯಣವೂ ಸೇರಿತ್ತು. ನೀರಿನೊಳಗಿನ ಭಾಗ ಅರ್ಧ ಗಂಟೆಯೂ ಅಲ್ಲ.

ಎರಡನೆಯವರು ಕರಾವಳಿಯವರೇ. ಮಾತು ಬಹು ಸೌಜನ್ಯದ್ದು, ಬೆಲೆಯೂ ಎಲ್ಲರಿಗಿಂತ ಕಡಿಮೆ. ಆರೋಗ್ಯದ ಪ್ರಶ್ನಾವಳಿಯೊಂದನ್ನು ಕಳುಹಿಸಿದರು. ಹೃದಯದ ಕಾಯಿಲೆ, ಮೂರ್ಛೆ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭ, ಉಬ್ಬಸ, ಹೀಗೆ ಪಟ್ಟಿ ಉದ್ದವಾಗಿತ್ತು. ವಧು ಉಬ್ಬಸದ ಸಂಗತಿಯನ್ನು ಎತ್ತಿದಾಗ ಬಂದ ಉತ್ತರ ಇಷ್ಟೇ: “ಎಲ್ಲದಕ್ಕೂ ‘ಇಲ್ಲ’ ಅಂತ ಗುರುತು ಹಾಕಿಬಿಡಿ ಮೇಡಂ. ಏನೂ ಆಗೋದಿಲ್ಲ.”

ಏನೂ ಆಗದಿರಬಹುದು. ಆದರೆ ಪ್ರಶ್ನೆಯನ್ನು ಇಟ್ಟದ್ದು ಕಾರಣವಿಲ್ಲದೆ ಅಲ್ಲ. 10 ಮೀಟರು ಆಳದಲ್ಲಿ ಒತ್ತಡ ಮೇಲ್ಮೈಗಿಂತ ಇಮ್ಮಡಿ. ಅಲ್ಲಿ ಎಳೆದುಕೊಂಡ ಒಂದು ಶ್ವಾಸ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಆದ್ದರಿಂದಲೇ ಸ್ಕೂಬಾದ ಮೊದಲ ಪಾಠ, ಉಸಿರನ್ನು ಎಂದೂ ಬಿಗಿಹಿಡಿಯಬೇಡ ಎಂಬುದು. ಉಬ್ಬಸದವರ ಶ್ವಾಸನಾಳಗಳು ಕುಗ್ಗಿದರೆ ಅವರು ಬಿಗಿಹಿಡಿಯದಿದ್ದರೂ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ಹಿಗ್ಗಿದ ಗಾಳಿಗೆ ದಾರಿಯಿಲ್ಲದೆ ಪುಪ್ಪುಸವೇ ಹರಿಯಬಹುದು. ‘ಇಲ್ಲ’ ಎಂದು ಗುರುತು ಹಾಕಿದ ಕಾಗದ ಇದಾವುದನ್ನೂ ತಡೆಯಲಾರದು. ಅದು ಸಂಸ್ಥೆಯ ಪೆಟ್ಟಿಗೆಯಲ್ಲಿ ಕ್ಷೇಮವಾಗಿ ಕುಳಿತಿರುತ್ತದೆ, ಅಷ್ಟೆ.

ಮೂರನೆಯವರು ಬೆಲೆ ಹೇಳುವ ಮೊದಲು ಪ್ರಶ್ನೆಗಳನ್ನೇ ಕೇಳಿದರು. ವಯಸ್ಸೆಷ್ಟು, ಈಜು ಬರುತ್ತದೆಯೇ, ಕಿವಿಯಲ್ಲಿ ತೊಂದರೆ ಉಂಟೇ, ಯಾವ ಔಷಧ ಸೇವಿಸುತ್ತೀರಿ, ಹಿಂದಿರುಗುವುದು ಯಾವಾಗ, ಯಾವ ವಾಹನದಲ್ಲಿ? ಉಬ್ಬಸವೆಂದು ಕೇಳಿದೊಡನೆ, ವೈದ್ಯರು ಪರೀಕ್ಷಿಸಿ ಬರೆದುಕೊಟ್ಟ ಪತ್ರವಿಲ್ಲದೆ ತಾವು ಕರೆದೊಯ್ಯುವುದಿಲ್ಲವೆಂದೂ, ಸಮುದ್ರ ಕೆರಳಿದ್ದರೆ ಆ ದಿನ ದೋಣಿ ಬಿಡದೆ ಹಣ ಮರಳಿಸುವುದಾಗಿಯೂ ಹೇಳಿದರು. ಬೆಲೆ ಸಾವಿರ ರೂಪಾಯಿ ಹೆಚ್ಚು.

ವರನಿಗೆ ಇದು ಉದ್ಧಟತನವೆನಿಸಿತು. ಹಣ ಕೊಡುವವರು ನಾವು, ಪರೀಕ್ಷೆಗೆ ಕುಳಿತವರೂ ನಾವೇ ಎಂದರೇನು? ಪಕ್ಕದ ಕೋಣೆಯಲ್ಲಿ ಬತ್ತಿ ಹೊಸೆಯುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದ ವಧುವಿನ ಅಜ್ಜಿಯ ಅಭಿಪ್ರಾಯ ಬೇರೆಯಾಗಿತ್ತು. “ಎಷ್ಟು ಎಲೆ ಬೀಳತ್ತೆ, ಯಾರಿಗೆ ಏನು ಆಗಿಬರೋದಿಲ್ಲ ಅಂತ ಕೇಳದ ಅಡಿಗೆಯವನಿಗೆ ಯಾರಾದರೂ ಮದುವೆ ಅಡಿಗೆ ಒಪ್ಪಿಸ್ತಾರೇನೇ?” ಎಂದರು. ಸ್ಕೂಬಾ ಎಂಬ ಪದವನ್ನು ಆ ದಿನವೇ ಮೊದಲು ಕೇಳಿದ ಎಂಬತ್ತರ ಹಿರಿಯಳ ಈ ಮಾತು, ಮೊಬೈಲಿನಲ್ಲಿ ಓದಿದ ನೂರು ಪ್ರಶಂಸೆಗಳಿಗಿಂತ ಹೆಚ್ಚು ಪ್ರಯೋಜನಕ್ಕೆ ಬಂದಿತೆನ್ನಬೇಕು. ಏಕೆಂದರೆ ಪ್ರಶಂಸೆ ಬರೆಯುವವರೆಲ್ಲ ಮೀನು ಕಂಡು ಹಿಗ್ಗಿದವರು. ಸಿಲಿಂಡರಿನ ಮೇಲೆ ಒತ್ತಿದ ಪರೀಕ್ಷೆಯ ತಾರೀಖನ್ನು ಓದಿದವರು ಅವರಲ್ಲಿ ವಿರಳ.

ಆ ಬಳಿಕ ಇವರೂ ಪ್ರಶ್ನೆ ಕೇಳಲು ಕಲಿತರು. ತರಬೇತುದಾರನಿಗೆ ಪ್ರಮಾಣಪತ್ರ ಕೊಟ್ಟ ಸಂಸ್ಥೆ ಯಾವುದು, ಅವನ ಸಂಖ್ಯೆ ಏನು? 1966ರಲ್ಲಿ ಸ್ಥಾಪಿತವಾದ ಪಾಡಿಯಂತಹ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಆ ಸಂಖ್ಯೆಯನ್ನು ಯಾರು ಬೇಕಾದರೂ ತಾಳೆ ನೋಡಬಹುದು. ಒಬ್ಬ ತರಬೇತುದಾರನ ವಶಕ್ಕೆ ಎಷ್ಟು ಮಂದಿ? ಈಜು ಬಾರದವನಿಗೆ ಒಬ್ಬರಿಗೊಬ್ಬರೇ ಇರಬೇಕು. ಎಷ್ಟು ಆಳ? ಹೊಸಬರಿಗೆ 12 ಮೀಟರೇ ಎಲ್ಲೆ. ದೋಣಿಯಲ್ಲಿ ತುರ್ತಿಗೆ ಶುದ್ಧ ಆಮ್ಲಜನಕ ಉಂಟೇ? (ಬೆನ್ನಿನ ಸಿಲಿಂಡರಿನಲ್ಲಿರುವುದು ಆಮ್ಲಜನಕವೆಂದು ಬಹುಮಂದಿಯ ನಂಬಿಕೆ; ಅದರಲ್ಲಿರುವುದು ನಾವೆಲ್ಲ ಉಸಿರಾಡುವ ಸಾಧಾರಣ ಗಾಳಿ.) ಮೂರನೆಯವರು ಬೇಸರಿಸದೆ ಉತ್ತರ ಕೊಟ್ಟರು. ಇಂತಹ ಪ್ರಶ್ನೆಗಳಿಗೆ ಸಿಡುಕುವವನು ಕಡಲ ನಡುವೆ ಹೆದರಿದವನೊಡನೆ ಹೇಗೆ ನಡೆದುಕೊಂಡಾನೆಂದು ಊಹಿಸುವುದು ಕಷ್ಟವಲ್ಲ.

ಜಯನಗರದ ವೈದ್ಯರು ಇಬ್ಬರನ್ನೂ ಪರೀಕ್ಷಿಸಿದರು. ವರನ ಪತ್ರಕ್ಕೆ ಎರಡು ನಿಮಿಷ ಸಾಕಾಯಿತು. ವಧುವಿನಿಂದ ಯಂತ್ರದೊಳಕ್ಕೆ ಮೂರು ಬಾರಿ ಊದಿಸಿ ಅಂಕಿಗಳನ್ನು ನೋಡಿದ ಬಳಿಕ, ಮುಖವಾಡ ಕೊಳವೆಗಳನ್ನು ಧರಿಸಿ ನೀರಿನ ಮೇಲೆ ತೇಲಬಹುದು, ಔಷಧ ದೋಣಿಯಲ್ಲಿರಲಿ, ಆದರೆ ಸಿಲಿಂಡರು ಕಟ್ಟಿಕೊಂಡು ಆಳಕ್ಕಿಳಿಯುವುದು ಬೇಡ ಎಂದರು. ಈಜು ಬಲ್ಲವಳು ಮೇಲೆ, ಬಾರದವನು ಕೆಳಗೆ! ಆ ಸಂಜೆ ಮನೆಯಲ್ಲಿ ಹೆಚ್ಚು ಮಾತುಕತೆ ನಡೆಯಲಿಲ್ಲ. ಎರಡನೆಯವರ ದೂರವಾಣಿ ಸಂಖ್ಯೆ ಇನ್ನೂ ಮೊಬೈಲಿನಲ್ಲಿತ್ತು. ವಧು ರಾತ್ರಿ ಅದನ್ನು ಒಮ್ಮೆ ತೆರೆದು ನೋಡಿ, ಅಳಿಸಿಬಿಟ್ಟಳು.

ಬೆಂಗಳೂರಿನಿಂದ ಮುರುಡೇಶ್ವರಕ್ಕೆ ಸುಮಾರು 500 ಕಿಲೋಮೀಟರು. ರಾತ್ರಿಯ ಬಸ್ಸು ಘಟ್ಟವಿಳಿದು ಬೆಳಗಾಗುವ ವೇಳೆಗೆ ಗಾಳಿಯ ರುಚಿಯೇ ಬದಲಾಗಿರುತ್ತದೆ. ಮೂರು ಕಡೆ ಕಡಲು ಸುತ್ತಿದ ಕಂದುಕಗಿರಿ, ಅದರ ಮೇಲೆ 123 ಅಡಿ ಎತ್ತರದ ಶಿವ, ಎದುರಿಗೆ ಇಪ್ಪತ್ತು ಅಂತಸ್ತಿನ ರಾಜಗೋಪುರ. ಗೋಪುರದ ಮೇಲಕ್ಕೆ ಲಿಫ್ಟಿನಲ್ಲಿ ಹೋಗಬಹುದು; ಆಕಾಶ ತಿಳಿಯಾಗಿದ್ದರೆ ಪಶ್ಚಿಮದಂಚಿನಲ್ಲಿ ನೇತ್ರಾಣಿ ಶಾಯಿಯ ಚುಕ್ಕೆಯಂತೆ ಗೋಚರಿಸುತ್ತದೆ. ಮೊದಲ ದಿನ ಇವರಿಗೆ ದೊರೆತದ್ದು ಆ ಚುಕ್ಕೆ ಮಾತ್ರ. ಗಾಳಿ ಬಿರುಸಾಗಿದ್ದುದರಿಂದ ಸಂಸ್ಥೆಯವರು ಮುಂಜಾನೆಯೇ ದೋಣಿ ಬಿಡುವುದಿಲ್ಲವೆಂದು ತಿಳಿಸಿದರು. ಬೇರೊಂದು ದೋಣಿ ಹೊರಟಿತು. ವರ ಅದನ್ನು ಕಣ್ಣಿಗೆ ಮರೆಯಾಗುವವರೆಗೂ ನೋಡಿದನು. ಮಧ್ಯಾಹ್ನ ಆ ದೋಣಿಯಿಂದಿಳಿದವರ ಮುಖಗಳನ್ನೂ ನೋಡಿದನು. ಅವರಲ್ಲಿ ಅರ್ಧದಷ್ಟು ಮಂದಿ ದೋಣಿಯ ಅಂಚಿಗೆ ಬಾಗಿ ಬೆಳಗಿನ ಇಡ್ಲಿಯನ್ನು ಸಮುದ್ರಕ್ಕೆ ಸಮರ್ಪಿಸಿ ಬಂದಿದ್ದರು.

ಮರುದಿನ ಕಡಲು ಕಂಚಿನ ತಟ್ಟೆಯಂತೆ ಶಾಂತವಾಗಿತ್ತು. ಒಂದು ಗಂಟೆಗೂ ಮೀರಿದ ಪಯಣದಲ್ಲಿ ತರಬೇತುದಾರ ಕೈಸನ್ನೆಗಳನ್ನು ಕಲಿಸಿದನು. ನೀರಿನೊಳಗೆ ಮಾತಿಲ್ಲ. ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಉಂಗುರ ಮಾಡಿದರೆ ‘ಕ್ಷೇಮ’. ಅಂಗೈ ಅತ್ತಿತ್ತ ಅಲ್ಲಾಡಿಸಿದರೆ ‘ಏನೋ ಸರಿಯಿಲ್ಲ’. ಹೆಬ್ಬೆರಳನ್ನು ಮೇಲೆತ್ತಿದರೆ ‘ಮೇಲೆ ಹೋಗೋಣ’. ಕಿವಿ ನೊಂದರೆ ಮೂಗು ಹಿಡಿದು ಮೆಲ್ಲನೆ ಊದಬೇಕು. ದ್ವೀಪದ ಮರೆಯಲ್ಲಿ ಲಂಗರು ಬಿದ್ದ ಮೇಲೆ, ಬಾಯಲ್ಲಿ ಕೊಳವೆ ಕಚ್ಚಿಸಿ, ಏಣಿಯನ್ನು ಹಿಡಿದುಕೊಂಡೇ ಹತ್ತು ನಿಮಿಷ ಬರಿದೆ ಉಸಿರಾಡಿಸಿದನು. ವರನ ಉಸಿರು ಸಮಕ್ಕೆ ಬಂದಿತೆಂದು ತನಗೆ ತೃಪ್ತಿಯಾಗುವವರೆಗೂ ಕೆಳಗಿಳಿಸಲಿಲ್ಲ.

ಆ ಬಳಿಕದ ಲೋಕ ಬೇರೆ. ಬಂಡೆಗಳ ಮೇಲೆ ಹವಳ, ಅದನ್ನು ಕುಟುಕುವ ಗಿಳಿಮೀನು, ಜೋಡಿಯಾಗಿ ತಿರುಗುವ ಚಿಟ್ಟೆಮೀನು, ಬಿರುಕಿನೊಳಗಿಂದ ಬಾಯಿ ತೆರೆದು ಇಣುಕುವ ಹಾವುಮೀನು. ಕೇಳಿಸುವ ಶಬ್ದ ಒಂದೇ, ತನ್ನ ಉಸಿರು. ಮೇಲೆ ವಧು ಮುಖವನ್ನು ನೀರಿಗಿಟ್ಟು ತೇಲುತ್ತ, ಗಂಡನ ಗಾಳಿಗುಳ್ಳೆಗಳು ಸರಮಾಲೆಯಾಗಿ ಏರಿ ತನ್ನ ಸುತ್ತ ಒಡೆಯುವುದನ್ನು ನೋಡುತ್ತಿದ್ದಳು. ಬದಿಯಲ್ಲಿ ಒಬ್ಬ ಕಾವಲುಗಾರ, ದೋಣಿಯಲ್ಲಿ ಔಷಧ.

ಹದಿನೈದು ನಿಮಿಷ ಕಳೆದಿರಬಹುದು. ಛಾಯಾಚಿತ್ರ ತೆಗೆಯುವವನು ಎದುರಿಗೆ ಬಂದನು. ಹುಟ್ಟಿದಂದಿನಿಂದ ಕ್ಯಾಮರಾದ ಮುಂದೆ ಮಾಡಿದ ಅಭ್ಯಾಸದಂತೆ ವರ ಉತ್ಸಾಹದಿಂದ ಹೆಬ್ಬೆರಳನ್ನು ಮೇಲೆತ್ತಿದನು. ತರಬೇತುದಾರ ಮರುಕ್ಷಣವೇ ಅವನ ತೋಳು ಹಿಡಿದು, ಗಾಳಿಯ ಮುಳ್ಳನ್ನು ನೋಡಿ, ನಿಧಾನವಾಗಿ ಮೇಲಕ್ಕೆ ತಂದೇಬಿಟ್ಟನು.

“ಏನಾಯಿತು ಸರ್?”

“ಏನೂ ಇಲ್ಲ, ಚೆನ್ನಾಗಿದೆ ಅಂತ ಹೇಳಿದೆ!”

ವಧು ನಕ್ಕು ಕೊಳವೆಯಲ್ಲಿ ನೀರು ಕುಡಿದಳು. ಇವರ ವಾದ ನಡೆಯುತ್ತಿದ್ದಾಗಲೇ ಹತ್ತು ಮಾರು ದೂರದಲ್ಲಿ ಒಂದು ಕಡಲಾಮೆ ತಲೆಯನ್ನು ಹೊರಗಿಟ್ಟು, ಒಂದು ದೀರ್ಘಶ್ವಾಸ ತೆಗೆದುಕೊಂಡು, ಮತ್ತೆ ಮುಳುಗಿತು. ಕಂಡವಳು ಅವಳೊಬ್ಬಳೇ.

ಆ ರಾತ್ರಿಯೇ ಬಸ್ಸು ಹಿಡಿಯುವ ಯೋಚನೆಯನ್ನು ತರಬೇತುದಾರ ಮೊದಲೇ ಬಿಡಿಸಿದ್ದನು. ಮುಳುಗಿದ್ದು ಅಲ್ಪಕಾಲ, ಅಪಾಯ ಅಲ್ಪವೇ. ಆದರೂ ಘಟ್ಟ ಏರುವುದು ನಾಳೆಗಿರಲಿ ಎಂದಿದ್ದನು. ಇಬ್ಬರೂ ದಡದ ಹೋಟೆಲಿನಲ್ಲಿ ಬಂಗುಡೆಯ ವಾಸನೆಯ ನಡುವೆ ಅನ್ನ ಸಾರು ಹುಡುಕಿ ಉಂಡು, ಮರಳಿನ ಮೇಲೆ ಕುಳಿತು ಆಮೆಯ ವಿಷಯ ಜಗಳವಾಡಿದರು. ಬನಶಂಕರಿಯ ಮನೆಯ ನಡುಮನೆಯಲ್ಲಿ ಈಗ, ಧಾರೆಯ ಚಿತ್ರದ ಪಕ್ಕದಲ್ಲಿ, ಹೆಬ್ಬೆರಳೆತ್ತಿದ ವರನ ನೀಲಿ ಚಿತ್ರವೊಂದು ತೂಗುತ್ತಿದೆ. ಬಂದವರೆಲ್ಲ ಅದನ್ನು ನೋಡಿ, ಪಾಪ, ಹುಡುಗನಿಗೆ ಎಷ್ಟು ಸಂತೋಷವಾಗಿದೆ ಎನ್ನುತ್ತಾರೆ.