ದೋಣಿ ನಿಂತ ಮೇಲಿನ ರಾತ್ರಿಗಳು

ಹಿಂದೆ ನಮ್ಮ ಕಡೆ ತಾಳಮದ್ದಳೆ ಬೆಳಗಿನವರೆಗೆ ನಡೆಯುತ್ತಿತ್ತು ಎಂದರೆ ಈಗಿನ ಹುಡುಗರು ಕೈ ಮುಗಿಯುತ್ತಾರೆ. ಎಂಥ ಕಲಾಭಿಮಾನ, ಎಂಥ ಶ್ರದ್ಧೆ ಎಂದು ವಾಟ್ಸಾಪಿನಲ್ಲಿ ಬರೆಯುತ್ತಾರೆ. ಶ್ರದ್ಧೆ ಇರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಬೆಳಗಾಗುವವರೆಗೆ ಕೂರುತ್ತಿದ್ದುದಕ್ಕೆ ದೊಡ್ಡ ಕಾರಣ ಬೇರೆಯೇ ಇತ್ತು. ಕತ್ತಲಾದ ಮೇಲೆ ಕಡವಿನಲ್ಲಿ ದೋಣಿ ಇರುತ್ತಿರಲಿಲ್ಲ. ಆಚೆ ದಡದಿಂದ ಬಂದ ಮದ್ದಳೆಯವರು ರಾತ್ರಿ ಹನ್ನೊಂದಕ್ಕೆ ಮಂಗಳ ಹಾಡಿ ಎಲ್ಲಿಗೆ ಹೋಗುವುದು? ಹೇಗೂ ಹೋಗಲಿಕ್ಕಿಲ್ಲ, ಇನ್ನೊಂದು ಪ್ರಸಂಗ ಆಗಲಿ ಎನ್ನುವುದೇ ರೂಢಿ.

ನಮ್ಮದು ಬಂಟ್ವಾಳ ತಾಲೂಕಿನಲ್ಲಿ, ಅಜಿಲಮೊಗರಿನ ಕಡೆ, ನೇತ್ರಾವತಿಯ ಬಡಗು ದಡದ ಊರು. ಎದುರು ದಡ ಕಡೇಶಿವಾಲಯ. ದೋಣಿಯಲ್ಲಿ ದಾಟಿದರೆ ಒಂದು ಎಲೆಯಡಿಕೆ ಮೆಲ್ಲುವಷ್ಟು ಹೊತ್ತು. ರಸ್ತೆಯಲ್ಲಿ ಹೋಗುವುದಾದರೆ ಬಂಟ್ವಾಳದವರೆಗೆ ಇಳಿದು, ಪಾಣೆಮಂಗಳೂರಿನ ಹಳೆಯ ಸೇತುವೆ ದಾಟಿ, ಮತ್ತೆ ಅಷ್ಟೇ ದೂರ ಮೇಲೆ ಬರಬೇಕು. ಬಸ್ಸು ಸಿಕ್ಕಿದರೆ ಪುಣ್ಯ.

ಇದರ ಮೇಲೆ ಕಾಲದ ತೊಡಕು ಬೇರೆ. ಯಕ್ಷಗಾನದ ವೃತ್ತಿಮೇಳಗಳು ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಗೆ ಗೆಜ್ಜೆ ಬಿಚ್ಚಿದ ಮೇಲೆ ಹವ್ಯಾಸಿಗಳ ಕಾಲ ಶುರುವಾಗುತ್ತದೆ. ಗದ್ದೆ ಕೆಲಸ ಮುಗಿದು ಆಟಿ ಬಂತೆಂದರೆ ಮನೆಯ ಚಾವಡಿಯಲ್ಲೋ ಭಜನಾ ಮಂದಿರದಲ್ಲೋ ವಾರಕ್ಕೊಂದು ಕೂಟ. ಹೊಳೆ ತುಂಬಿ ಕೆಂಪಾಗಿ ಹರಿಯುವುದೂ ಆಗಲೇ. ಹಾಗಾಗಿ ಶನಿವಾರ ಮೂರು ಗಂಟೆಗೇ ನಮ್ಮ ಸಂಘದ ಮೇಷ್ಟ್ರು ಕಡವಿಗೆ ಇಳಿದು ನೀರು ನೋಡಿ ಬರುತ್ತಿದ್ದರು. ದೋಣಿಯವನು ತಲೆ ಅಲ್ಲಾಡಿಸಿದರೆ ಆ ದಿನ ಮದ್ದಳೆ ಇಲ್ಲ, ಬರೀ ಚೆಂಡೆಯಲ್ಲೇ ಸುಧಾರಿಸಬೇಕು.

ನಮ್ಮ ಸಂಘದಲ್ಲಿ ಬೀಡಿ ಬ್ರಾಂಚಿನ ಲೆಕ್ಕ ಬರೆಯುವವರು, ಅಡಿಕೆ ತೋಟದ ಭಟ್ಟರು, ಮೂರ್ತೆ ಕೆಲಸದವರು ಇಬ್ಬರು, ಒಬ್ಬ ದರ್ಜಿ, ಮೇಷ್ಟ್ರು. ಭಾಗವತರು ಭಟ್ಟರು. ರಾಗದಲ್ಲಿ ಗಟ್ಟಿಗರಲ್ಲ, ಭೈರವಿ ಎಂದು ಶುರು ಮಾಡಿದ್ದು ಎಲ್ಲಿ ಮುಗಿಯುತ್ತದೆ ಎಂದು ಅವರಿಗೇ ಖಾತ್ರಿ ಇರುತ್ತಿರಲಿಲ್ಲ. ಆದರೆ ಪ್ರಸಂಗ ಬಾಯಿಗೆ ಬರುತ್ತಿತ್ತು. ಗ್ಯಾಸ್‌ಲೈಟು ಮಂಕಾದರೂ ಪುಸ್ತಕ ತೆರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಮಳೆಗಾಲದ ಮದ್ದಳೆಯ ಕಷ್ಟ ಬಾರಿಸಿದವರಿಗೇ ಗೊತ್ತು. ಹೊಳೆ ದಾಟುವಾಗ ಗೋಣಿಯಲ್ಲಿ ಸುತ್ತಿ ಮೇಲೆ ಕೊರಂಬು ಕವುಚಿದರೂ ಚರ್ಮ ತಂಪು ಹಿಡಿದೇ ಹಿಡಿಯುತ್ತದೆ. ಬಂದ ಕೂಡಲೇ ಬಚ್ಚಲ ಒಲೆಯ ಹತ್ತಿರ ಇಟ್ಟು ಬಿಸಿ ಮಾಡಬೇಕು. ತೀರಾ ಹತ್ತಿರ ಇಟ್ಟರೆ ಮುಚ್ಚಿಗೆ ಒಡೆಯುತ್ತದೆ, ದೂರ ಇಟ್ಟರೆ ಶ್ರುತಿ ಏರುವುದಿಲ್ಲ. ಮನೆಯ ಹೆಂಗಸರು ಒಂದು ಮುಷ್ಟಿ ಅನ್ನ ಕೊಡುತ್ತಿದ್ದರು. ಅದನ್ನು ಬೂದಿ ಸೇರಿಸಿ ಅಂಗೈಯಲ್ಲಿ ನುರಿದು, ಜಿಗುಟಾದ ಮೇಲೆ ಎಡದ ಮುಚ್ಚಿಗೆಯ ನಡುವಿಗೆ ಬೋನ ಹಾಕುವುದು. ಹೆಚ್ಚಾದರೆ ಸ್ವಲ್ಪ ಕಿತ್ತು ತೆಗೆಯುವುದು, ಮತ್ತೆ ಬೆರಳಿನಿಂದ ತಟ್ಟಿ ನೋಡುವುದು. ಮಧ್ಯರಾತ್ರಿಗೆ ಬೋನ ಒಣಗಿ ಉದುರಿದರೆ ಮತ್ತೊಮ್ಮೆ ಅದೇ ಕೆಲಸ. ಅಷ್ಟರಲ್ಲಿ ಚಾ ಬರುತ್ತಿತ್ತು, ಸಜ್ಜಿಗೆ ಅವಲಕ್ಕಿ ಬರುತ್ತಿತ್ತು. ನಾವು ಹುಡುಗರು ಕೂಟಕ್ಕೆ ಹೋಗುತ್ತಿದ್ದುದು ಹೆಚ್ಚಾಗಿ ಅದಕ್ಕೇ.

ಅರ್ಥ ಹೇಳಲು ಯಾರೂ ಅರ್ಹತೆ ಕೇಳುತ್ತಿರಲಿಲ್ಲ. ಮಧ್ಯರಾತ್ರಿ ಕಳೆದ ಮೇಲೆ ಅರ್ಥಧಾರಿಗಳು ಒಬ್ಬೊಬ್ಬರೇ ಗೋಡೆಗೆ ಒರಗಿ ಕಣ್ಣು ಮುಚ್ಚಿದಾಗ, ಎಚ್ಚರ ಇದ್ದವನೇ ಅರ್ಜುನ. ದರ್ಜಿಯಣ್ಣ ಒಮ್ಮೆ ಕೃಷ್ಣ, ದುರ್ಯೋಧನ ಎರಡನ್ನೂ ಹೇಳಿ ತನ್ನೊಂದಿಗೆ ತಾನೇ ಸಂಧಾನ ಮಾಡಿಕೊಂಡಿದ್ದ. ನಾನು ಮೊದಲು ಬಾಯಿ ತೆರೆದದ್ದೂ ಇಂಥದ್ದೇ ಒಂದು ಹೊತ್ತಿನಲ್ಲಿ, ದೂತನಾಗಿ.

ಕಡವಿನ ದೋಣಿಯವರು ಬ್ಯಾರಿಗಳು. ಕೂಟದ ರಾತ್ರಿ ದೋಣಿ ಕಟ್ಟಿ ಮಂದಿರದ ಹೊರಗಿನ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂರುತ್ತಿದ್ದರು. ಒಂದು ಸಲ ಮೇಷ್ಟ್ರದ್ದು ಗುಹನ ಅರ್ಥ. ರಾಮನನ್ನು ಕೂರಿಸಿಕೊಂಡು ಗಂಗೆಯ ನಡುವಿಗೆ ಬಂದ ಗುಹ ಭಕ್ತಿ ಉಕ್ಕಿ ಹುಟ್ಟು ಬಿಟ್ಟು ಎರಡೂ ಕೈ ಮುಗಿದ, ಕಣ್ಣೀರು ಸುರಿಸಿದ. ಎಲ್ಲರೂ ಭೇಷ್ ಎಂದರು. ಬೆಳಿಗ್ಗೆ ದೋಣಿ ಹತ್ತುವಾಗ ಬ್ಯಾರಿಗಳು ಕೇಳಿದರು: "ಅಲ್ಲ ಮೇಷ್ಟ್ರೇ, ನಿಮ್ಮ ಗುಹ ನಡುಹೊಳೆಯಲ್ಲಿ ಹುಟ್ಟು ಬಿಟ್ಟನಲ್ಲ, ಮತ್ತೆ ದೋಣಿ ಎಲ್ಲಿ ಹೋಗಿ ಮುಟ್ಟಿತು? ಪಾಣೆಮಂಗಳೂರಿಗಾ?" ಆಮೇಲೆ ಮೇಷ್ಟ್ರ ಗುಹ ಒಂದೇ ಕೈಯಲ್ಲಿ ನಮಸ್ಕರಿಸುತ್ತಿದ್ದ.

1974ರ ಜುಲೈಯ ನೆರೆಗೆ ಬಂಟ್ವಾಳ ಪೇಟೆಯೊಳಗೇ ದೋಣಿ ಓಡಿತು. ಅಜ್ಜಂದಿರು ಅದನ್ನು 1923ರ ನೆರೆಯ ಜತೆ ಅಳೆದು ನೋಡಿ, ಇದು ಅದಕ್ಕಿಂತ ಸಣ್ಣದು ಎಂದು ತೀರ್ಪು ಕೊಟ್ಟರು. ನಮ್ಮ ಮಂದಿರಕ್ಕೂ ನೀರು ನುಗ್ಗಿ, ಅಟ್ಟದ ಮೇಲಿದ್ದ ಚೆಂಡೆ ಉಳಿಯಿತು, ಕೆಳಗಿದ್ದ ಶ್ರುತಿಪೆಟ್ಟಿಗೆ ಹೋಯಿತು. ಆ ವರ್ಷ ಭಟ್ಟರು ಶ್ರುತಿ ಇಲ್ಲದೆಯೇ ಹಾಡಿದರು. ಅಂಥ ವ್ಯತ್ಯಾಸವೇನೂ ಗೊತ್ತಾಗಲಿಲ್ಲ.

ಬೇಸಗೆಯಲ್ಲಿ ಹೊಳೆಯ ಸ್ವಭಾವವೇ ಬೇರೆ. ಆಗ ನಮ್ಮ ಭಾನುವಾರಗಳು ಹೊಯಿಗೆ ದೋಣಿಯಲ್ಲಿ ಕಳೆಯುತ್ತಿದ್ದವು. ವಾರವಿಡೀ ಹೊಯಿಗೆ ಹೇರುವ ದೋಣಿಗಳಿಗೆ ಆ ದಿನ ರಜೆ. ಕಾಲು ಹಿಡಿದು ಬೇಡಿದರೆ ಒಂದನ್ನು ಬಿಟ್ಟುಕೊಡುತ್ತಿದ್ದರು. ಎರಡು ಬಿದಿರು ಕಟ್ಟಿ, ಗೋಣಿಚೀಲಗಳನ್ನು ಬಿಚ್ಚಿ ದಬ್ಬಣದಲ್ಲಿ ಹೊಲಿದು ಹಾಯಿ ಮಾಡುತ್ತಿದ್ದೆವು. ದರ್ಜಿಯಣ್ಣನಿಗೆ ಈ ಹುಚ್ಚು ನಮಗಿಂತ ಹೆಚ್ಚು.

ಹಾಯಿಯ ಲೆಕ್ಕ ಹೇಳಿಕೊಟ್ಟದ್ದು ಊರಿನ ಒಬ್ಬ ಮುದುಕರು. ಹರೆಯದಲ್ಲಿ ಬಂಟ್ವಾಳದಿಂದ ಮಂಗಳೂರು ಬಂದರಿಗೆ ಸರಕಿನ ದೋಣಿ ನಡೆಸಿದವರು. ಘಟ್ಟದ ಮೇಲಿನ ಕಾಫಿ, ಧಾನ್ಯ ಎತ್ತಿನ ಗಾಡಿಯಲ್ಲಿ ಚಾರ್ಮಾಡಿ ಇಳಿದು ಬೆಳ್ತಂಗಡಿಯ ಮೇಲೆ ಬಂಟ್ವಾಳಕ್ಕೆ ಬಂದು, ಅಲ್ಲಿಂದ ದೋಣಿ ಏರುತ್ತಿದ್ದ ಕಾಲ ಒಂದಿತ್ತು. ಬಂಟ್ವಾಳ ಪೇಟೆ ಬೆಳೆದದ್ದೇ ಆ ವ್ಯಾಪಾರದಿಂದ. ಲಾರಿಗಳು ಬಂದ ಮೇಲೆ ಅದು ಮುಗಿಯಿತು. ಮುದುಕರ ಪಾಠ ಇಷ್ಟು: ಹೊಳೆ ಪಡುವಕ್ಕೆ ಹರಿಯುತ್ತದೆ, ಮಧ್ಯಾಹ್ನದ ಗಾಳಿ ಪಡುವಣದಿಂದ ಬೀಸುತ್ತದೆ. ಬೆಳಿಗ್ಗೆ ನೀರು ಒಯ್ದ ಹಾಗೆ ಕೆಳಗೆ ಹೋಗಿ. ಊಟ ಮಾಡಿ ಗಾಳಿಗೆ ಕಾಯಿರಿ. ಎರಡು ಗಂಟೆಯ ಮೇಲೆ ಹಾಯಿ ಎತ್ತಿದರೆ ಅದೇ ನಿಮ್ಮನ್ನು ಮನೆಗೆ ಮುಟ್ಟಿಸುತ್ತದೆ. ಹಿಂದೆ ಕೂತವನು ಹುಟ್ಟನ್ನು ನೀರಿಗೆ ಊರಿ ಮೂತಿ ನೇರ ಹಿಡಿದರೆ ಸಾಕು, ಹಾಕುವ ಶ್ರಮವಿಲ್ಲ.

ಆ ಬಿಡುವಿನಲ್ಲೇ ನಾವು ಪದ ಕಲಿತದ್ದು. ನೀರಿನ ಮೇಲೆ ಸ್ವರ ದೂರ ಹೋಗುತ್ತದೆ. ಆಚೆ ದಡದಲ್ಲಿ ಬಟ್ಟೆ ಒಗೆಯುವವರು ತಾಳ ತಪ್ಪಿದಾಗ ಕೂಗಿ ಹೇಳುತ್ತಿದ್ದರು. ತಪ್ಪು ಹಿಡಿಯುವಷ್ಟು ಪದ ಎಲ್ಲರ ಕಿವಿಯಲ್ಲೂ ಇತ್ತು.

ಕೂಟಗಳಿಗೆ ಬದಲಾವಣೆ ತಂದದ್ದು ಟಿವಿ ಎಂದು ಹೆಚ್ಚಿನವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಮೊದಲು ಬಂದದ್ದು ಟೇಪ್‌ರೆಕಾರ್ಡರು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾಗಿ ರೇಡಿಯೋದಲ್ಲಿ ತಾಳಮದ್ದಳೆ ಕೇಳಿಸತೊಡಗಿತು. ಹಿಂದೆಯೇ ಕ್ಯಾಸೆಟ್ಟುಗಳು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ಸಾಮಗರ ವಾಗ್ಝರಿ ಮನೆಯ ಪಡಸಾಲೆಗೇ ಬಂತು. ಅಲ್ಲಿಯವರೆಗೆ ನಮ್ಮ ಮೇಷ್ಟ್ರ ಕರ್ಣನೇ ಕರ್ಣ. ಉತ್ತಮವಾದದ್ದು ಹೇಗಿರುತ್ತದೆ ಎಂದು ದಿನವೂ ಕೇಳತೊಡಗಿದ ಮೇಲೆ ಮೂರ್ತೆಯವರು ಅರ್ಥ ಹೇಳುವುದನ್ನು ಬಿಟ್ಟರು. "ನಮ್ಮದೆಲ್ಲ ಎಂಥದು ಮಾರಾಯ್ರೇ" ಎಂದು ಕೇಳುವವರ ಸಾಲಿಗೆ ಸರಿದರು. ದರ್ಜಿಯಣ್ಣ ಶೇಣಿಯವರ ಹಾಗೆ ಗಂಟಲು ಕಟ್ಟಿಸಿಕೊಂಡು ಮಾತಾಡಲು ಹೋಗಿ ತನ್ನ ಮಾತನ್ನೂ ಕಳಕೊಂಡ.

ಪದ ಹೇಳುವವರಿಗೆ ಮಾತ್ರ ಇದರಿಂದ ಲಾಭವಾಯಿತು. ಬಲಿಪ ನಾರಾಯಣ ಭಾಗವತರ ಮನೆ ಮೂಡುಬಿದಿರೆ ಹತ್ತಿರದ ಮಾರೂರಿನಲ್ಲಿ. ಕಟೀಲು ಮೇಳದ ತಿರುಗಾಟ ಇಲ್ಲದ ದಿನಗಳಲ್ಲಿ ಹವ್ಯಾಸಿಗಳು ಅಲ್ಲಿಗೆ ಹೋಗಿ, ಕ್ಯಾಸೆಟ್ಟು ಕೇಳಿ ಎದ್ದ ಸಂಶಯ ಕೇಳಿ ಬರುತ್ತಿದ್ದರು. ಐದು ದಿನಗಳ ದೇವೀಮಹಾತ್ಮೆ ಪ್ರಸಂಗ ಬರೆದ ಭಾಗವತರು ಅವರು. 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಆ ಏರುಕಂಠ ಅನುಕರಣೆಗೆ ಸಿಕ್ಕುವಂಥದ್ದಲ್ಲ. ಪ್ರಯತ್ನ ಪಟ್ಟವರ ಗಂಟಲು ನೋಡಿ ಹೇಳುತ್ತಿದ್ದೇನೆ.

ಮೂಡುಬಿದಿರೆಯ ವಿಷಯ ಬಂದದ್ದರಿಂದ ಒಂದು ಮಾತು. ಹದಿನೆಂಟು ಬಸದಿ, ಹದಿನೆಂಟು ಕೆರೆಯ ಊರು ಎಂದು ಅಲ್ಲಿಯವರ ಹೆಮ್ಮೆ, ಆದರೆ ಹೊಳೆ ಇಲ್ಲ. ನಾವು ಹೊಳೆಕರೆಯವರು ಇದನ್ನು ಹೇಳಿ ಅವರನ್ನು ಕೆಣಕುತ್ತಿದ್ದೆವು. ಈಗ ಭಾನುವಾರ ದೋಣಿ ಬೇಕೆಂದರೆ ಮೊಮ್ಮಕ್ಕಳನ್ನು ಕರೆದುಕೊಂಡು ನಾನೇ ಅಲ್ಲಿಯ ಕಡಲಕೆರೆಗೆ ಹೋಗಬೇಕು. ಟಿಕೇಟು, ಲೈಫ್ ಜಾಕೆಟು, ಒಂದು ಸುತ್ತು. ಸೀಟಿ ಊದಿದರೆ ಇಳಿಯಬೇಕು. ಜಾಕೆಟಿನ ಬಗ್ಗೆ ನನ್ನ ತಕರಾರಿಲ್ಲ, ನಮ್ಮ ಹುಡುಗಾಟದಲ್ಲಿ ಯಾರೂ ಹೊಳೆಪಾಲಾಗದೆ ಉಳಿದದ್ದು ದೇವರ ದಯೆ.

ನೇತ್ರಾವತಿಯಲ್ಲಿ ಹಿಂದಿನ ಹಾಗೆ ಹಾಯಿ ಕಟ್ಟಿ ಹೋಗುವ ದಾರಿಯೂ ಮುಚ್ಚಿತು. ಮಂಗಳೂರಿಗೆ ಕುಡಿಯುವ ನೀರಿಗಾಗಿ ತುಂಬೆಯಲ್ಲಿ ಕಿಂಡಿ ಅಣೆಕಟ್ಟು, ಅದರ ಮೇಲ್ಗಡೆ ಶಂಭೂರಿನಲ್ಲಿ ವಿದ್ಯುತ್ತಿನ ಅಣೆಕಟ್ಟು. ನಡುವೆ ನಿಂತ ನೀರು ಆಳ, ನೋಡಲು ಚೆಂದ. ಆದರೆ ಸೆಳೆತವೇ ಇಲ್ಲದ ಮೇಲೆ ಮುದುಕರ ಪಾಠದ ಅರ್ಧ ಭಾಗಕ್ಕೆ ಕೆಲಸವಿಲ್ಲ. ಗಾಳಿ ಮಾತ್ರ ಈಗಲೂ ಎರಡು ಗಂಟೆಗೆ ಬರುತ್ತದೆ.

ಅಜಿಲಮೊಗರು, ಕಡೇಶಿವಾಲಯಗಳ ನಡುವೆ ಸೇತುವೆಯೂ ಬಂತು. ಒಂದು ದಡದಲ್ಲಿ ಮಸೀದಿ, ಇನ್ನೊಂದರಲ್ಲಿ ದೇವಸ್ಥಾನ ಇರುವುದರಿಂದ ಜನ ಸೌಹಾರ್ದ ಸೇತುವೆ ಎನ್ನುತ್ತಾರೆ. ಆಸ್ಪತ್ರೆಗೆ, ಕಾಲೇಜಿಗೆ ಅಲೆದವರಿಗೆ ಅದರ ಬೆಲೆ ಗೊತ್ತು. ಕೂಟದ ಮೇಲೆ ಅದರ ಪರಿಣಾಮ ನಾವು ಯಾರೂ ಎಣಿಸದ್ದು. ಎಲ್ಲರಿಗೂ ಮನೆಗೆ ಹೋಗಲಿಕ್ಕಾಗುತ್ತದೆ ಎಂದಾದ ಮೇಲೆ ಎಲ್ಲರೂ ಹೋಗತೊಡಗಿದರು. ಹೊರಗೂ ಕಾಲ ಅದೇ ಕಡೆಗೆ ಸಾಗಿತ್ತು: ಧರ್ಮಸ್ಥಳ ಮೇಳ ಕಾಲಮಿತಿಗೆ ಬಂತು, ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ತಡೆ. ನಮ್ಮ ಕೂಟ ಈಗ ಸಂಜೆ ಆರಕ್ಕೆ ಶುರು. ಮಧ್ಯರಾತ್ರಿ ಕಳೆದ ಮೇಲಿನ ಹೊತ್ತು ಇಲ್ಲವಾದ್ದರಿಂದ, ಗೋಡೆಗೆ ಒರಗಿದವರ ಜಾಗಕ್ಕೆ ಹೊಸಬರು ಹೋಗಿ ಕೂರುವುದೂ ಇಲ್ಲವಾಯಿತು. ನಾಲ್ಕು ತಾಸಿನ ಕೂಟಕ್ಕೆ ಚೆನ್ನಾಗಿ ಹೇಳುವ ಐದು ಜನ ಸಾಕು, ಅವರನ್ನು ಹೊರಗಿನಿಂದ ಕರೆಸುತ್ತಾರೆ, ಕವರು ಕೊಟ್ಟು ಕಳಿಸುತ್ತಾರೆ.

ಹಾಗೆಂದು ಹಾಡು ಕಡಿಮೆಯಾಗಿದೆ ಎಂದರೆ ಸುಳ್ಳಾದೀತು. ಬೆಳ್ತಂಗಡಿ ಕಡೆಗೆ ಹೋದರೆ ಊರಿಗೊಂದು ಭಜನಾ ಮಂಡಳಿ. ಧರ್ಮಸ್ಥಳದಲ್ಲಿ ವರ್ಷವರ್ಷ ನಡೆಯುವ ಭಜನಾ ಕಮ್ಮಟಕ್ಕೆ ಹೋಗಿ ಬಂದವರು ಶ್ರುತಿಯಲ್ಲಿ ನಿಂತು ಹಾಡುತ್ತಾರೆ. ನಮ್ಮ ಭಟ್ಟರಿಗಿಂತ ಎಷ್ಟೋ ಮೇಲು. ಕುಣಿತ ಭಜನೆಯಲ್ಲಿ ಸಾಲಾಗಿ ಹೆಜ್ಜೆ ಹಾಕುವ ಸಣ್ಣ ಮಕ್ಕಳನ್ನು ನೋಡಿದರೆ ಖುಷಿಯಾಗುತ್ತದೆ, ಎಲ್ಲರಿಗೂ ಒಂದೇ ಬಣ್ಣದ ಅಂಗಿ ಯಾಕೆ ಎಂಬುದೊಂದು ಬಿಟ್ಟರೆ. ಹುಡುಗಿಯರು ಚೆಂಡೆ ಹಿಡಿದದ್ದು ಇನ್ನೂ ದೊಡ್ಡ ಸಂಗತಿ. ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ಜಾಗಟೆ ಹಿಡಿದು ವೃತ್ತಿಪರ ಭಾಗವತಿಕೆಗೆ ಕೂತಾಗ ಹುಬ್ಬು ಹಾರಿಸಿದವರ ಮೊಮ್ಮಗಳಂದಿರು ಈಗ ತರಗತಿಗೆ ಹೋಗುತ್ತಾರೆ. ನಮ್ಮ ಕಾಲದಲ್ಲಿ ಹೆಂಗಸರ ಪಾಲಿಗೆ ಇದ್ದದ್ದು ಬೋನದ ಅನ್ನ ಕೊಡುವ ಕೆಲಸ.

ನನ್ನ ಮೊಮ್ಮಗಳೂ ಮದ್ದಳೆ ಕಲಿಯುತ್ತಿದ್ದಾಳೆ. ಶ್ರುತಿಗೆ ಮೊಬೈಲು. ಕೈ ಚುರುಕು. ಆದರೆ ಗುರುಗಳು ಹೇಳಿದ ಹದಿನೈದು ಪದಗಳ ಹೊರಗೆ ಯಾರಾದರೂ ಹಾಡಿದರೆ ಬಾರಿಸಲು ಒಪ್ಪುವುದಿಲ್ಲ. "ತಪ್ಪಿದರೆ ವಿಡಿಯೋ ಮಾಡ್ತಾರೆ ಅಜ್ಜ" ಎನ್ನುತ್ತಾಳೆ. ಅವಳ ಭಯ ಸುಳ್ಳಲ್ಲ.

ಕಡವಿನ ಬ್ಯಾರಿಗಳು ಈಗಿಲ್ಲ. ಅವರ ಮಗ ಪಿಕಪ್ ಇಟ್ಟುಕೊಂಡು ಮೈಕ್ ಸೆಟ್ಟು, ಕುರ್ಚಿ ಬಾಡಿಗೆಗೆ ಕೊಡುತ್ತಾನೆ. ನಮ್ಮ ಕೂಟಕ್ಕೂ ಅವನದ್ದೇ. ಮೊನ್ನೆ ಕರ್ಣಪರ್ವ. ಹತ್ತಕ್ಕೆ ಐದು ನಿಮಿಷ ಇರುವಾಗ ಅವನು ಬಂದು ವಯರು ಸುತ್ತಲು ಶುರು ಮಾಡಿದ. ಕರ್ಣನ ರಥದ ಗಾಲಿ ಆಗಷ್ಟೇ ಹೂತಿತ್ತು. ಭಾಗವತರು ಅವನ ಮುಖ ನೋಡಿದರು. "ಬೇಗ ಕೊಲ್ಲಿ ಭಾಗವತ್ರೇ, ನನಗೆ ಬಿ.ಸಿ. ರೋಡಿನಲ್ಲಿ ಇನ್ನೊಂದು ಮದುವೆಯ ಸಾಮಾನು ಎತ್ಲಿಕ್ಕುಂಟು" ಎಂದ. ಭಾಗವತರು ನಾಲ್ಕು ಪದ ಹಾರಿಸಿ ಬಾಣ ಬಿಡಿಸಿದರು.