ಉಣ್ಣುವವರ ಎಲೆಯ ಮುಂದೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ದ್ವೀಪಗಳ ಬಳಿ, ದೋಣಿಯಲ್ಲಿ ಕುಳಿತು ಓರ್ಕಾ ತಿಮಿಂಗಿಲಗಳನ್ನು ಕಾಣುವ ಯೋಗ ನನಗೊಮ್ಮೆ ಒದಗಿತು. ಬಂಡೆಗಳ ಮೇಲೆ ಸೀಲುಗಳು ಮೈಚಾಚಿ ಬಿಸಿಲು ಕಾಯುತ್ತಿದ್ದವು. ಅಷ್ಟರಲ್ಲಿ ನನ್ನ ದುರ್ಬೀನಿನೊಳಗೆ ಆಳೆತ್ತರದ ಕರಿಯ ಬೆನ್ನುರೆಕ್ಕೆಯೊಂದು ನೀರನ್ನು ಸೀಳಿ ಮೇಲೆದ್ದಿತು. ಪಕ್ಕದಲ್ಲಿ ಮತ್ತೊಂದು, ಗಿಡ್ಡನೆಯದು. ಎತ್ತರದ್ದು ಮಗ, ಗಿಡ್ಡನೆಯದು ತಾಯಿ ಎಂದರು ನಾವಿಕರು. ಈ ಬಳಗದ ಗಂಡುಮಕ್ಕಳು ಬೆಳೆದ ಮೇಲೂ ತಾಯಿಯನ್ನು ಬಿಟ್ಟಗಲುವುದಿಲ್ಲವಂತೆ!

“ಇನ್ನೂ ಹತ್ತಿರ ಹೋಗಬಾರದೆ?” ಎಂದು ಸಹಯಾತ್ರಿಕರೊಬ್ಬರು ಕೇಳಿದರು. ನಾವಿಕರು ಒಪ್ಪಲಿಲ್ಲ.

ಅದಕ್ಕೆ ಕಾರಣವುಂಟು. ಸಾಲ್ಮನ್ ಮೀನನ್ನೇ ನಂಬಿ ಬದುಕುವ ಈ ಬಳಗದಲ್ಲಿ ಉಳಿದಿರುವವು 80ಕ್ಕಿಂತ ಕಡಿಮೆ. ಅವು ಬೇಟೆಯನ್ನರಸುವುದು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ; ತಾವು ಹೊರಡಿಸಿದ ಸದ್ದಿನ ಮರುದನಿಯನ್ನಾಲಿಸಿ. ಎಂಜಿನ್ನಿನ ಮೊರೆತ ಆ ಮರುದನಿಯನ್ನು ನುಂಗಿದರೆ ತುತ್ತು ತಪ್ಪಿತೆಂದೇ ಅರ್ಥ. ಹೊಟ್ಟೆಗೆ ಸಾಲದ ಬಳಗದಲ್ಲಿ ಮರಿಗಳು ಉಳಿಯುವುದೂ ಕಷ್ಟ. 2018ರಲ್ಲಿ ತಾಯಿಯೊಂದು ಸತ್ತ ಮರಿಯನ್ನು 17 ದಿನಗಳ ಕಾಲ ಹೊತ್ತು ಈಜಿತು. 2025ರಿಂದ ಆ ರಾಜ್ಯದ ಕಾನೂನು ದೋಣಿಗಳನ್ನು ಈ ಬಳಗದಿಂದ 1,000 ಗಜ ದೂರದಲ್ಲಿಯೇ ತಡೆದಿದೆ.

ಉಣ್ಣುವವರ ಎಲೆಯ ಮುಂದೆ ನಿಂತು ನೋಡುವುದನ್ನು ನಮ್ಮ ಹಿರಿಯರು ಸಭ್ಯತೆಯೆನ್ನಲಿಲ್ಲ. ಕಡಲಿನಲ್ಲಿ ಮಾತ್ರ ಅದು ಹೇಗೆ ಸಭ್ಯತೆಯಾದೀತು?